ಕೆರೆ ಕಾಮಗಾರಿಗೆ ಮಳೆಯ ಲೆಕ್ಕ: ‘ಆರ್’ ಭಾಷೆಯ ಮೂಲಕ ಉಪಗ್ರಹ ದತ್ತಾಂಶ ಪಡೆಯುವ ಬಗೆ

ಕೆರೆ ಹೂಳೆತ್ತುವಿಕೆ, ಚೆಕ್‌ಡ್ಯಾಂ, ಕೃಷಿಹೊಂಡ ಮುಂತಾದ ಕಾಮಗಾರಿಗಳನ್ನು ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆಯಲ್ಲಿ ಸೇರಿಸುವಾಗ ಮೊದಲು ತಿಳಿಯಬೇಕಾದುದು ಆ ಊರಿನ ಮಳೆಯ ಪ್ರಮಾಣ. ಒಂದು ಹೆಕ್ಟೇರ್ ಭೂಮಿಯ ಮೇಲೆ 10 ಮಿ.ಮೀ. ಮಳೆ ಸುರಿದರೆ ಬೀಳುವ ನೀರು 1 ಲಕ್ಷ ಲೀಟರ್. ಮಳೆಯ ಅಂದಾಜು ತಪ್ಪಿದರೆ ಕಾಮಗಾರಿಯ ಗಾತ್ರವೂ ತಪ್ಪುತ್ತದೆ, ಸಾರ್ವಜನಿಕ ಹಣ ವ್ಯರ್ಥವಾಗುತ್ತದೆ.

ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕಗಳನ್ನು ಅಳವಡಿಸಿದೆ. ಆದರೆ ವಾಡಿಕೆ ಮಳೆಯನ್ನು ನಿರ್ಧರಿಸಲು ಸಾಮಾನ್ಯವಾಗಿ 30 ವರ್ಷಗಳ ದಾಖಲೆ ಬೇಕು. ಈ ಮಾಪಕಗಳು ಅಷ್ಟು ಹಳೆಯವಲ್ಲ. ಈ ಕೊರತೆಯನ್ನು ತುಂಬಲು ‘ಚಿರ್ಪ್ಸ್’ ಎಂಬ ದತ್ತಾಂಶ ನೆರವಾಗುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂತಾ ಬಾರ್ಬರಾ ಕೇಂದ್ರದಲ್ಲಿ ಸಿದ್ಧವಾಗುವ ಇದರಲ್ಲಿ ಉಪಗ್ರಹಗಳು ಅಳೆದ ಮೋಡಗಳ ಉಷ್ಣತೆಯನ್ನೂ ನೆಲದ ಮಳೆಮಾಪಕಗಳ ಅಂಕಿಗಳನ್ನೂ ಕೂಡಿಸಿ 1981ರಿಂದ ಪ್ರತಿದಿನದ ಮಳೆಯನ್ನು ಅಂದಾಜಿಸಲಾಗಿದೆ. ಇದು ಉಚಿತವಾಗಿ ಲಭ್ಯವಿದೆ.

ಇಡೀ ಜಗತ್ತಿನ ಕಡತಗಳನ್ನು ಕಚೇರಿಯ ಗಣಕಯಂತ್ರಕ್ಕೆ ಇಳಿಸಿಕೊಳ್ಳುವ ಅಗತ್ಯವಿಲ್ಲ. ಪಹಣಿ ಬೇಕಾದವರು ದಾಖಲೆ ಕೊಠಡಿಯನ್ನೇ ಹೊತ್ತು ತರುವುದಿಲ್ಲ. ಸರ್ವೆ ನಂಬರ್ ಹೇಳಿ ಒಂದು ಪ್ರತಿ ಪಡೆಯುತ್ತಾರೆ. ‘ಆರ್’ ಎಂಬ ಉಚಿತ ಸಂಖ್ಯಾಶಾಸ್ತ್ರೀಯ ಗಣಕ ಭಾಷೆ ಮಾಡುವುದೂ ಇದನ್ನೇ. ಅದಕ್ಕೆ ‘ಚಿರ್ಪ್ಸ್’ ಹೆಸರಿನದೇ ಪ್ಯಾಕೇಜನ್ನು ಸೇರಿಸಿಕೊಂಡು, ಕೆರೆಯ ಅಕ್ಷಾಂಶ, ರೇಖಾಂಶ ಮತ್ತು ಬೇಕಾದ ದಿನಾಂಕಗಳನ್ನು ನಮೂದಿಸಿದರೆ ದೂರದ ಸರ್ವರ್ ಆ ಭಾಗವನ್ನಷ್ಟೇ ಕಳುಹಿಸುತ್ತದೆ. 1991ರಿಂದ 2020ರವರೆಗೆ ಕೇಳಿದರೆ ದಿನಕ್ಕೊಂದರಂತೆ 10,958 ಸಾಲುಗಳ ಪಟ್ಟಿ ಬರುತ್ತದೆ. ಅದರಿಂದ ತಿಂಗಳ ಸರಾಸರಿ, ಅತಿ ಕಡಿಮೆ ಮಳೆಯಾದ ವರ್ಷ ಹಾಗೂ ಒಂದೇ ದಿನ ಸುರಿದ ಅತಿ ಹೆಚ್ಚು ಮಳೆಯನ್ನು ಅದೇ ಭಾಷೆಯಲ್ಲಿ ಲೆಕ್ಕ ಹಾಕಬಹುದು. ಬರೆದ ಆಜ್ಞೆಗಳನ್ನು ಉಳಿಸಿಟ್ಟುಕೊಂಡರೆ, ಮತ್ತೊಂದು ಕೆರೆಗೆ ಸ್ಥಳ ಬದಲಿಸಿದರೆ ಸಾಕು.

ಆದರೂ ಒಂದು ಎಚ್ಚರಿಕೆ ಅವಶ್ಯ. ಬರುವ ಅಂಕಿಯು ಸುಮಾರು 30 ಚದರ ಕಿ.ಮೀ. ಚೌಕದ ಅಂದಾಜೇ ಹೊರತು ಒಂದು ಹೊಲದಲ್ಲಿ ಅಳೆದ ಮಳೆಯಲ್ಲ. ಘಟ್ಟ ಪ್ರದೇಶದಲ್ಲಿ ಹೆಚ್ಚು ಎತ್ತರವಿಲ್ಲದ ಮೋಡಗಳಿಂದ ಸುರಿಯುವ ಮಳೆಯನ್ನು ಈ ವಿಧಾನವು ಕಡಿಮೆ ತೋರಿಸಬಹುದು. ಆದ್ದರಿಂದ ಮಾಪಕದ ದಾಖಲೆ ಇರುವ ವರ್ಷಗಳಿಗೆ ಎರಡನ್ನೂ ಹೋಲಿಸಿ, ವ್ಯತ್ಯಾಸವನ್ನು ಅರಿತ ಬಳಿಕವೇ ಹಳೆಯ ವರ್ಷಗಳ ಅಂಕಿಗಳನ್ನು ಬಳಸುವುದು ಸೂಕ್ತ.

ಗಣಕ ಭಾಷೆಯನ್ನು ಸದಸ್ಯರೇ ಕಲಿಯಬೇಕೆಂದಿಲ್ಲ. ತಾಂತ್ರಿಕ ಸಿಬ್ಬಂದಿ ಈ ಕೆಲಸ ಮಾಡಬಹುದು. ಅಂದಾಜುಪಟ್ಟಿ ಸಭೆಯ ಮುಂದೆ ಬಂದಾಗ, ಅದರಲ್ಲಿರುವ ಮಳೆಯ ಅಂಕಿ ಯಾವ ಸ್ಥಳದ್ದು, ಎಷ್ಟು ವರ್ಷಗಳದ್ದು, ಮಾಪಕದೊಂದಿಗೆ ಹೋಲಿಸಲಾಗಿದೆಯೇ ಎಂಬ ಮೂರು ಪ್ರಶ್ನೆಗಳನ್ನು ಕೇಳಿ ಉತ್ತರ ಪಡೆಯುವುದು ಸದಸ್ಯರ ಹಕ್ಕು ಹಾಗೂ ಹೊಣೆ.