ನಿದ್ದೆಗೆಟ್ಟ ಮರುದಿನದ ವಾಕಿಂಗ್

ಊರಿನಿಂದ ಬಂದ ಮೊದಲ ವಾರ ಬೆಳಗಿನ ಜಾವ ಮೂರಕ್ಕೇ ಎಚ್ಚರವಾಗುತ್ತಿದೆಯೇ? ಅದು ವಯಸ್ಸಿನ ದೋಷವಲ್ಲ. ಬೇಸಿಗೆಯಲ್ಲಿ ಲಂಡನ್ ಗಡಿಯಾರ ನಮ್ಮೂರಿಗಿಂತ ನಾಲ್ಕೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ಐದೂವರೆ. ಬೇಸಿಗೆಯಲ್ಲಿ ಇಲ್ಲಿ ಮೂರಾದಾಗ ನಿಮ್ಮ ಮೈಗೆ ಬೆಳಿಗ್ಗೆ ಏಳೂವರೆ. ಎದ್ದ ಮೇಲೆ ಸುಮ್ಮನೆ ಕೂರುವವರು ನೀವಲ್ಲ. ಮನೆಯವರು ಏಳುವ ಮೊದಲೇ ಶೂ ಹಾಕಿ ಹೊರಟುಬಿಡುತ್ತೀರಿ. ಲಾಲ್‌ಬಾಗಿನಲ್ಲೋ ಕುಕ್ಕರಹಳ್ಳಿ ಕೆರೆ ಏರಿಯ ಮೇಲೋ ವರ್ಷಗಟ್ಟಲೆ ಮಾಡಿದ ಅಭ್ಯಾಸ, ಬಿಡಿ ಎನ್ನಲು ನಮಗೂ ಮನಸ್ಸಿಲ್ಲ. ಮೊದಲ ವಾರ ಮಾತ್ರ ಅದನ್ನು ಸಂಜೆಗೆ ಹಾಕಿಕೊಳ್ಳಿ.

ನಿದ್ದೆ ಕೆಟ್ಟರೆ ತೋಳ್ಬಲ ಒಂದೇ ದಿನದಲ್ಲಿ ಅಷ್ಟಾಗಿ ಕುಗ್ಗುವುದಿಲ್ಲ. ಕುಗ್ಗುವುದು ಚುರುಕು ಮತ್ತು ಸಮತೋಲ. ದಿನವೂ ನಡೆಯುವ ದೂರವೇ ಅಂದು ಹೆಚ್ಚು ಆಯಾಸ ತರುತ್ತದೆ. ಎಡವಿದಾಗ ಇನ್ನೊಂದು ಕಾಲು ಮುಂದಿಟ್ಟು ತಡೆದುಕೊಳ್ಳುತ್ತೀರಲ್ಲ, ಆ ಅರೆಕ್ಷಣ ತಡವಾಗುತ್ತದೆ. ಇಪ್ಪತ್ತರ ಹುಡುಗರಿಗೂ ನಿದ್ದೆಯ ಲೆಕ್ಕ ತಪ್ಪಿದ್ದಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ 11 ಬ್ಯಾಸ್ಕೆಟ್‌ಬಾಲ್ ಆಟಗಾರರಿಗೆ ಕೆಲವು ವಾರ ರಾತ್ರಿ 10 ಗಂಟೆ ಹಾಸಿಗೆಯಲ್ಲಿರಲು ಹೇಳಿದರು. ಅವರ ಓಟ 16.2 ಸೆಕೆಂಡಿನಿಂದ 15.5ಕ್ಕೆ ಇಳಿಯಿತು, ಚೆಂಡಿನ ಗುರಿಯೂ ಸುಧಾರಿಸಿತು. 2011ರಲ್ಲಿ ಪ್ರಕಟವಾದ ಅಧ್ಯಯನವಿದು. ನಿಮಗೆ ಪದಕ ಬೇಕಿಲ್ಲ, ಬೀಳದಿದ್ದರೆ ಸಾಕು. ಇಲ್ಲಿನ ಮನೆಗಳ ಕಿರಿದಾದ, ಕಡಿದಾದ ಮೆಟ್ಟಿಲು ನೋಡಿದ್ದೀರಿ. ರಾತ್ರಿ ಬಚ್ಚಲಿಗೆ ಹೋಗುವ ದಾರಿಯಲ್ಲಿ ಸಣ್ಣ ದೀಪವೊಂದು ಉರಿಯುತ್ತಿರಲಿ. ಸೊಂಟ ಮುರಿದು ಆಸ್ಪತ್ರೆಗೆ ದಾಖಲಾದರೆ, ವಿಸಿಟರ್ ವೀಸಾದವರು ಸಾಮಾನ್ಯವಾಗಿ ಚಿಕಿತ್ಸೆಯ ಹಣ ತೆರಬೇಕಾಗುತ್ತದೆ. ವಿಮೆಯ ಕಾಗದ ಎಲ್ಲಿದೆಯೆಂದು ಮಕ್ಕಳನ್ನು ಕೇಳಿಟ್ಟುಕೊಳ್ಳಿ.

ಸಂಜೆಯೇ ಏಕೆ? ಮೈಯ ಗಡಿಯಾರವನ್ನು ತಿರುಗಿಸುವುದು ಬೆಳಕು. ಸಂಜೆಯ ಬೆಳಕು ಅದನ್ನು ಹಿಂದಕ್ಕೆ ತಳ್ಳಿ ಲಂಡನ್ನಿಗೆ ಹೊಂದಿಸುತ್ತದೆ. ಬೆಳಗಿನ ಬೆಳಕು ಮತ್ತೆ ಊರಿನ ಕಡೆಗೇ ಎಳೆಯುತ್ತದೆ. ಜೂನ್‌ನಲ್ಲಿ ಇಲ್ಲಿ ಸೂರ್ಯ ಐದಕ್ಕೂ ಮೊದಲೇ ಹುಟ್ಟಿ ರಾತ್ರಿ ಒಂಬತ್ತು ದಾಟಿದ ಮೇಲೆ ಮುಳುಗುತ್ತಾನೆ. ಹಾಗಾಗಿ ಬೆಳಿಗ್ಗೆ ದಪ್ಪ ಪರದೆ ಎಳೆದಿಡಿ, ಸಂಜೆ ಐದರ ನಂತರ ಪಾರ್ಕಿಗೆ ಹೋಗಿ. ಹೊಂದಿಕೊಳ್ಳಲು ಗಂಟೆಗೊಂದು ದಿನದಂತೆ ಲೆಕ್ಕವಿಡಿ. ಮಧ್ಯಾಹ್ನ ಅರ್ಧ ಗಂಟೆ ಮಲಗಬಹುದು, ಮೂರರ ನಂತರ ಬೇಡ. ಫಿಲ್ಟರ್ ಕಾಫಿಗೂ ಅದೇ ಗಡುವು. ಫೋನನ್ನು ರಾತ್ರಿ ಸುಮ್ಮನಾಗಿಸಿ. ಊರಿನ ನೆಂಟರು ಬೆಳಿಗ್ಗೆ ಒಂಬತ್ತಕ್ಕೆ ಪ್ರೀತಿಯಿಂದ ಕರೆ ಮಾಡಿದರೆ ಇಲ್ಲಿನ್ನೂ ನಾಲ್ಕೂವರೆ!

ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಹಲವು ಪಾರ್ಕುಗಳಲ್ಲಿ ಪಾರ್ಕ್‌ರನ್ ನಡೆಯುತ್ತದೆ. 2004ರಲ್ಲಿ ಇದೇ ಲಂಡನ್ನಿನ ಬುಶಿ ಪಾರ್ಕಿನಲ್ಲಿ 13 ಓಟಗಾರರಿಂದ ಶುರುವಾದದ್ದು. ಐದು ಕಿಲೋಮೀಟರ್, ಶುಲ್ಕವಿಲ್ಲ, ನಡೆಯುವವರಿಗೂ ಸ್ವಾಗತ. ಮೊಮ್ಮಕ್ಕಳ ಜೊತೆ ಖಂಡಿತ ಹೋಗಿ, ಆದರೆ ಬಂದ ಮೊದಲ ಶನಿವಾರ ಬೇಡ.

ಊರಿನಿಂದ ತಂದ ನಿದ್ದೆ ಮಾತ್ರೆಯನ್ನು ಕೇಳದೆ ನುಂಗಬೇಡಿ, ಅದರ ಮಂಪರಿನಲ್ಲಿ ಬಿದ್ದವರು ಬಹಳ. ನಿದ್ದೆಗೆಟ್ಟ ದಿನ ಸಕ್ಕರೆಯೂ ಏರಬಹುದು. ಇಂದು ಶಿಬಿರದಲ್ಲಿ ಬಿಪಿ, ಸಕ್ಕರೆ ನೋಡುವವರಿಗೆ ನಿನ್ನೆ ಎಷ್ಟು ಗಂಟೆ ಮಲಗಿದಿರಿ ಎಂಬುದನ್ನೂ ಹೇಳಿ. ಮಾತ್ರೆಗಳನ್ನು ಯಾವ ದೇಶದ ಗಡಿಯಾರ ನೋಡಿ ತೆಗೆದುಕೊಳ್ಳುತ್ತಿದ್ದೀರಿ ಎಂಬುದನ್ನೂ ಮರೆಯದೆ ತಿಳಿಸಿ.