ಹಿತ್ತಲ ಗಿಡ, ಎರಡು ಕಾನೂನು

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ನಾವು ಹತ್ತಿರದ ವಸ್ತುವಿನ ಬೆಲೆಯರಿಯದವರನ್ನು ಕುರಿತು ಆಡುತ್ತೇವೆ. ಆ ಗಾದೆ ಅಕ್ಷರಶಃ ನ್ಯಾಯಾಲಯದ ಪ್ರಶ್ನೆಯಾಗಿ ನಿಂತೀತೆಂದು ನನಗೆ ತಿಳಿದುದು 2019ರ ಬೇಸಗೆಯಲ್ಲಿ, ಕ್ಯಾಲಿಫೋರ್ನಿಯಾದ ಮಗಳ ಮನೆಯಲ್ಲಿ ಕೆಲವು ವಾರ ಉಳಿದಿದ್ದಾಗ.

ಬೇಲಿಯಾಚೆಯ ಮನೆಯಲ್ಲಿ ನಿವೃತ್ತ ಶಾಲಾ ಶಿಕ್ಷಕಿಯೊಬ್ಬರು ಒಂಟಿಯಾಗಿದ್ದರು. ಸಂಧಿವಾತದಿಂದ ಆಕೆಯ ಬೆರಳುಗಳು ಸೊಟ್ಟಗಾಗಿದ್ದುವು. ಹಿತ್ತಿಲಲ್ಲಿ ಟೊಮ್ಯಾಟೊ ಮಡಿಗಳ ಹಿಂದೆ, ಬೀಗ ಹಾಕಿದ ತಟ್ಟಿಯೊಳಗೆ, ಆರು ಗಾಂಜಾ ಗಿಡಗಳು. ಅದೇ, ನಮ್ಮ ಹಳ್ಳಿಗಳಲ್ಲಿ ಹಿಂದಿನವರು ಭಂಗಿ ಎಂದು ಕರೆಯುತ್ತಿದ್ದುದು. ಒಂದು ದಿನ ಆಕೆ ಬಂದು, ತಾವು ಶಸ್ತ್ರಚಿಕಿತ್ಸೆಗೆಂದು ಒಂದು ವಾರ ಆಸ್ಪತ್ರೆಯಲ್ಲಿರಬೇಕೆಂದೂ, ಅಷ್ಟು ದಿನ ಆ ಗಿಡಗಳಿಗೆ ನೀರು ಹಾಕಲು ಸಾಧ್ಯವೇ ಎಂದೂ ನಮ್ಮ ಅಳಿಯಂದಿರನ್ನು ಕೇಳಿದರು. ನೆರೆಹೊರೆಯೆಂದ ಮೇಲೆ ಇಷ್ಟೂ ಮಾಡದಿದ್ದರೆ ಹೇಗೆ ಎಂದು ನಾನು ಯೋಚಿಸುತ್ತಿರುವಾಗಲೇ ಅವರು ಸಂಕೋಚದಿಂದ ಆಗದೆಂದರು. ಆಕೆ ಹೋದ ಮೇಲೆ ನನ್ನ ಮುಖ ನೋಡಿ, "ಮಾವ, ಅವರ ಗಿಡ ಅವರಿಗೆ ಸಕ್ರಮ. ನಾನು ನೀರು ಹಾಕಿದರೆ ನನಗೆ ಅಕ್ರಮ" ಎಂದರು. ಒಂದೇ ಗಿಡ ಹೀಗೆ ಎರಡು ಬಗೆಯಾಗುವುದು ಹೇಗೆಂಬುದನ್ನು ತಿಳಿಯಲು ನಾನು ಆ ನಾಡಿನ ಕೆಲವು ತೀರ್ಪುಗಳನ್ನು ಓದಬೇಕಾಯಿತು.

ಅಮೆರಿಕದಲ್ಲಿಯೂ ನಮ್ಮಲ್ಲಿರುವಂತೆ ಕೇಂದ್ರಕ್ಕೊಂದು, ರಾಜ್ಯಗಳಿಗೊಂದು ಶಾಸನಾಧಿಕಾರವಿದೆ. 1970ರ ಕೇಂದ್ರ ಶಾಸನವು ಮಾದಕ ವಸ್ತುಗಳನ್ನು ಐದು ಪಟ್ಟಿಗಳಾಗಿ ವಿಂಗಡಿಸಿ, ಗಾಂಜಾವನ್ನು ಮೊದಲನೆಯ ಪಟ್ಟಿಗೆ ಸೇರಿಸಿತು. ವೈದ್ಯರು ಒಪ್ಪಿದ ಉಪಯೋಗ ಯಾವುದೂ ಇಲ್ಲದ ವಸ್ತು ಎಂಬುದು ಆ ಪಟ್ಟಿಯ ಲಕ್ಷಣ. ಹಿತ್ತಲ ಗಿಡ ಮದ್ದಲ್ಲ ಎಂದು ಕೇಂದ್ರವೇ ವಿಧಿಸಿದಂತಾಯಿತು. ಕ್ಯಾಲಿಫೋರ್ನಿಯಾದ ಮತದಾರರು 1996ರ ನವೆಂಬರಿನಲ್ಲಿ ಇದಕ್ಕೆ ವಿರುದ್ಧವಾಗಿ ಮತ ಹಾಕಿದರು. ವೈದ್ಯರ ಸಲಹೆಯುಳ್ಳ ರೋಗಿಯೂ ಅವನ ಆರೈಕೆ ಮಾಡುವವನೂ ಗಿಡ ಬೆಳೆದುಕೊಳ್ಳಬಹುದೆಂಬುದು ಆ ರಾಜ್ಯ ಶಾಸನದ ಸಾರ. ಒಂದು ಶಾಸನ ಬಂದಿತೆಂದು ಇನ್ನೊಂದು ಅಳಿಯಲಿಲ್ಲ. ತೊಡಕೆಲ್ಲ ಇಲ್ಲಿಯೇ ಇದೆ.

ಇದನ್ನು ಪರೀಕ್ಷೆಗೆ ಒಡ್ಡಿದವರು ಡಯಾನ್ ಮಾನ್ಸನ್ ಎಂಬಾಕೆ. ಬೆನ್ನುಹುರಿಯ ವ್ಯಾಧಿಯಿಂದ ನರಳುತ್ತಿದ್ದ ಆಕೆ ಬೆಳೆದಿದ್ದುದೂ ಆರೇ ಗಿಡ. 2002ರ ಆಗಸ್ಟ್ 15ರಂದು (ನಾವು ಇಲ್ಲಿ ಧ್ವಜವೇರಿಸುವ ದಿನ) ಜಿಲ್ಲೆಯ ಪೊಲೀಸರೂ ಕೇಂದ್ರದ ಅಧಿಕಾರಿಗಳೂ ಒಟ್ಟಿಗೆ ಆಕೆಯ ಮನೆಗೆ ಬಂದರು. ಜಿಲ್ಲೆಯವರು ವಿಚಾರಿಸಿ, ರಾಜ್ಯದ ಕಾನೂನಿನಂತೆ ಇದರಲ್ಲಿ ತಪ್ಪೇನೂ ಇಲ್ಲವೆಂದರು. ಕೇಂದ್ರದವರು ಒಪ್ಪಲಿಲ್ಲ. ಮೂರು ಗಂಟೆಗಳ ಜಗ್ಗಾಟದ ಕೊನೆಗೆ ಆರು ಗಿಡಗಳನ್ನೂ ವಶಪಡಿಸಿಕೊಂಡು ನಾಶಮಾಡಿದರು. ಮಾನ್ಸನ್ ಮತ್ತು ಏಂಜೆಲ್ ರೈಚ್ ಎಂಬ ಇನ್ನೊಬ್ಬ ರೋಗಿ ಸೇರಿ ಕೇಂದ್ರ ಸರ್ಕಾರದ ಮೇಲೆ ದಾವೆ ಹೂಡಿದರು. ರೈಚ್ ಅವರಿಗೆ ತಾವೇ ಬೆಳೆಯುವ ಶಕ್ತಿಯಿರಲಿಲ್ಲ. ಆರೈಕೆದಾರರಿಬ್ಬರು ಹಣ ಪಡೆಯದೆ ಬೆಳೆದುಕೊಡುತ್ತಿದ್ದರು.

ಮಾರಲಿಲ್ಲ, ಕೊಳ್ಳಲಿಲ್ಲ, ರಾಜ್ಯದ ಗಡಿ ದಾಟಿಸಲಿಲ್ಲ. ಇದರಲ್ಲಿ ಕೇಂದ್ರಕ್ಕೇನು ಕೆಲಸ? ಹೀಗೆ ಅವರ ವಾದ. ಅಂತರರಾಜ್ಯ ವಾಣಿಜ್ಯವನ್ನು ನಿಯಂತ್ರಿಸುವ ಅಧಿಕಾರದ ಮೇಲೆಯೇ ಕೇಂದ್ರ ಶಾಸನ ನಿಂತಿದ್ದುದರಿಂದ ಈ ಪ್ರಶ್ನೆಗೆ ಬಲವಿತ್ತು. ಉತ್ತರ ಬಂದುದು ಮಾತ್ರ ಗೋಧಿಯ ಹೊಲದಿಂದ. ಓಹಾಯೋದ ರೈತ ರಾಸ್ಕೋ ಫಿಲ್ಬರ್ನ್‌ಗೆ ಸರ್ಕಾರ 11.1 ಎಕರೆಗೆ ಮಾತ್ರ ಗೋಧಿ ಬಿತ್ತುವ ಅನುಮತಿ ಕೊಟ್ಟಿತ್ತು. ಅವನು 23 ಎಕರೆ ಬಿತ್ತಿದನು. ಹೆಚ್ಚಿಗೆ ಬೆಳೆದ 239 ಬುಷೆಲ್‌ಗಳಿಗೆ 117 ಡಾಲರಿನಷ್ಟು ದಂಡ ಬಿತ್ತು. ತನ್ನ ದನಕ್ಕೆ, ತನ್ನ ಮನೆಯ ಹಿಟ್ಟಿಗೆ ಬೆಳೆದುದಕ್ಕೆ ದಂಡವೇ ಎಂದು ಅವನು ಕೇಳಿದಾಗ, ಸುಪ್ರೀಂ ಕೋರ್ಟು 1942ರಲ್ಲಿ ಅವನಿಗೆ ವಿರುದ್ಧವಾಗಿ ತೀರ್ಪಿತ್ತಿತು. ಒಬ್ಬನ ಗೋಧಿ ಅತ್ಯಲ್ಪವಿರಬಹುದು. ಅವನಂಥವರೆಲ್ಲರ ಗೋಧಿ ಸೇರಿದರೆ ಮಾರುಕಟ್ಟೆಯ ಬೆಲೆ ಅಲುಗುತ್ತದೆ ಎಂಬುದು ಅದರ ತರ್ಕ. 2005ರ ಜೂನ್ 6ರಂದು ಅದೇ ನ್ಯಾಯಾಲಯ ಅದೇ ತರ್ಕವನ್ನು ಆರು ಗಿಡಗಳಿಗೂ ಅನ್ವಯಿಸಿತು. ಆರು ಮಂದಿ ನ್ಯಾಯಮೂರ್ತಿಗಳು ಕೇಂದ್ರದ ಕಡೆ, ಮೂವರು ಭಿನ್ನ.

ಭಿನ್ನಾಭಿಪ್ರಾಯ ಬರೆದವರಲ್ಲಿ ಒಬ್ಬರಾದ ಸಾಂಡ್ರಾ ಡೇ ಒಕಾನರ್ ಅವರ ಮಾತು ನನಗೆ ಬಹಳ ಹಿಡಿಸಿತು. ತಾವು ಕ್ಯಾಲಿಫೋರ್ನಿಯಾದ ಪ್ರಜೆಯಾಗಿದ್ದರೆ ಈ ಶಾಸನಕ್ಕೆ ಮತ ಕೊಡುತ್ತಿರಲಿಲ್ಲವೆಂದು ಆಕೆ ಒಪ್ಪಿಕೊಂಡರು. ಆದರೂ ಅಂಥ ಪ್ರಯೋಗ ಮಾಡಿ ನೋಡುವ ಹಕ್ಕು ರಾಜ್ಯಕ್ಕೆ ಇದೆಯೆಂದರು. ತನಗೆ ಒಗ್ಗದ ಕಾನೂನಿನ ಪರವಾಗಿ ನ್ಯಾಯ ನುಡಿಯುವುದು ಸುಲಭವಲ್ಲ.

ಹಾಗಾದರೆ ಇಷ್ಟು ಜನ ಬೆಳೆಯುತ್ತಿರುವುದು ಹೇಗೆ? 2014ರ ಡಿಸೆಂಬರಿನಲ್ಲಿ ಅಲ್ಲಿನ ಸಂಸತ್ತು ಆಯವ್ಯಯದಲ್ಲಿ ಒಂದು ಷರತ್ತು ಸೇರಿಸಿತು. ರಾಜ್ಯಗಳು ತಮ್ಮ ವೈದ್ಯಕೀಯ ಗಾಂಜಾ ಶಾಸನವನ್ನು ನಡೆಸುವುದಕ್ಕೆ ಅಡ್ಡಿಯಾಗುವಂತೆ ಕೇಂದ್ರ ನ್ಯಾಯ ಇಲಾಖೆ ಹಣ ವ್ಯಯಿಸಕೂಡದು. ಅನಂತರದ ವರ್ಷಗಳಲ್ಲಿಯೂ ಅದನ್ನು ಮುಂದುವರಿಸುತ್ತ ಬಂದರು. ಆದರೆ 2016ರಲ್ಲಿ ಮೇಲ್ಮನವಿ ನ್ಯಾಯಾಲಯವೊಂದು ಎರಡು ಎಚ್ಚರಿಕೆ ಕೊಟ್ಟಿತು. ರಾಜ್ಯದ ನಿಯಮಗಳನ್ನು ಚಾಚೂ ತಪ್ಪದೆ ಪಾಲಿಸಿದವನಿಗೆ ಮಾತ್ರ ಈ ರಕ್ಷಣೆ. ಮತ್ತು ಸಂಸತ್ತು ನಾಳೆ ಹಣ ಕೊಟ್ಟರೆ, ಕಾಲಮಿತಿಯೊಳಗಿನ ಹಳೆಯ ಅಪರಾಧಗಳಿಗೂ ಮೊಕದ್ದಮೆ ಹೂಡಬಹುದು. ಕೃತ್ಯ ಅಪರಾಧವಾಗಿಯೇ ಉಳಿದಿತ್ತು, ಹಿಡಿಯುವವನ ಕೈಯಲ್ಲಿ ಕಾಸಿರಲಿಲ್ಲ, ಅಷ್ಟೆ.

ಸಣ್ಣ ಬೆಳೆಗಾರನಿಗೆ ಎಲ್ಲಕ್ಕಿಂತ ಅಪಾಯದ್ದು ಲೆಕ್ಕ. ಕೇಂದ್ರ ಶಾಸನದಲ್ಲಿ ತೂಕಕ್ಕೆ ಮಾತ್ರವಲ್ಲ, ಗಿಡಗಳ ಸಂಖ್ಯೆಗೂ ಶಿಕ್ಷೆಯಿದೆ. ನೂರು ಗಿಡಗಳಿಗೆ ಕನಿಷ್ಠ ಐದು ವರ್ಷ ಸೆರೆ. ಬೇರು ಬಿಟ್ಟ ಎಳೆಯ ಸಸಿಯೂ ಲೆಕ್ಕಕ್ಕೆ ಒಂದು ಗಿಡವೇ. ದಯಾಳುವೊಬ್ಬ ಹದಿನೇಳು ರೋಗಿಗಳಿಗೆ ತಲಾ ಆರರಂತೆ ಬೆಳೆದನೆನ್ನಿ, ನೂರೆರಡಾಯಿತು. ರೋಗಿಗೆ ಅಗತ್ಯವಿತ್ತೆಂಬ ಸಮಾಧಾನ ಕೇಂದ್ರದ ನ್ಯಾಯಾಲಯದಲ್ಲಿ ನಡೆಯದೆಂದು 2001ರಲ್ಲಿಯೇ ತೀರ್ಮಾನವಾಗಿತ್ತು. ಇದಲ್ಲದೆ ಊರಾಡಳಿತಗಳೂ ಇವೆ. 2016ರ ಮತದಾನದ ಮೇಲೆ ಕ್ಯಾಲಿಫೋರ್ನಿಯಾದಲ್ಲಿ 21 ವರ್ಷ ದಾಟಿದವರಿಗೆ, ರೋಗವಿರಲಿ ಇಲ್ಲದಿರಲಿ, ಮನೆಯೊಂದಕ್ಕೆ ಆರು ಗಿಡಗಳ ಅವಕಾಶವಾಯಿತು. ಬೀಗದೊಳಗೆ, ದಾರಿಹೋಕರ ಕಣ್ಣಿಗೆ ಬೀಳದಂತೆ. ಬಯಲಿನಲ್ಲಿ ಬೆಳೆಯುವುದನ್ನು ನಿಷೇಧಿಸುವ ಅಧಿಕಾರ ಮಾತ್ರ ಆಯಾ ಊರಿಗೇ ಉಳಿಯಿತು.

ಇನ್ನು ಕೃಷಿಯ ಮಾತು. ನಮ್ಮ ಪರಂಗಿಯಂತೆ ಇದರಲ್ಲಿಯೂ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಮದ್ದಿಗೆ ಬೇಕಾದುದು ಹೆಣ್ಣಿನ ಹೂತೆನೆ. ಗಂಡನ್ನು ಹೊತ್ತಿಗೆ ಮುಂಚೆ ಗುರುತಿಸಿ ಕೀಳದಿದ್ದರೆ ಹೂವೆಲ್ಲ ಬೀಜ ಕಟ್ಟಿ ಕೆಡುತ್ತದೆ. ಆರು ಬೀಜ ಬಿತ್ತಿದವನಿಗೆ ಮೂರೇ ಉಳಿಯಬಹುದು. ಹೆಚ್ಚು ಬಿತ್ತಿದರೆ ಕಾನೂನು ಮೀರುತ್ತದೆ. ಸೇವಂತಿಗೆಯಂತೆ ಹಗಲು ಕಿರಿದಾದಂತೆ ಹೂ ಬಿಡುವ ಸ್ವಭಾವ ಇದರದು. ಆದುದರಿಂದ ಬಯಲಿನಲ್ಲಿ ಕೊಯ್ಲು ಬರುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಕರಾವಳಿಯ ಮಂಜು, ಮೊದಲ ಮಳೆ ಬೀಳುವುದೂ ಆಗಲೇ. ಒತ್ತಾದ ತೆನೆಯೊಳಗೆ ಬೂಷ್ಟು ಹಿಡಿದರೆ ಹೊರಗೆ ಕಾಣದು. ದೇಹಶಕ್ತಿ ಕುಂದಿದ ರೋಗಿಯ ಶ್ವಾಸಕೋಶಕ್ಕೆ ಆ ಬೂಷ್ಟೇ ಮಾರಕವಾಗಬಲ್ಲದು. ಹೂಬಿಟ್ಟ ಗಿಡದ ವಾಸನೆಯಂತೂ ಬೇಲಿಗೂ ಬೀಗಕ್ಕೂ ಅಂಜುವುದಿಲ್ಲ. ಬೇಸರಪಟ್ಟ ನೆರೆಯವರ ದೂರನ್ನೂ ಕಳ್ಳರನ್ನೂ ಒಟ್ಟಿಗೆ ಕರೆಯುತ್ತದೆ.

ನಮ್ಮ ಕೇಳುಗರಲ್ಲಿ ಯಾರಾದರೂ ಇದನ್ನು ಇಲ್ಲಿಯ ಹಿತ್ತಿಲಿಗೆ ಅನ್ವಯಿಸಿಕೊಂಡಾರೆಂದು ಒಂದು ಮಾತು: 1985ರ ನಮ್ಮ ಕೇಂದ್ರ ಶಾಸನ ಎಲೆಯನ್ನು ಗಾಂಜಾದ ವ್ಯಾಖ್ಯೆಯಿಂದ ಬಿಟ್ಟಿದೆಯಾದರೂ, ಅನುಮತಿಯಿಲ್ಲದೆ ಗಿಡ ಬೆಳೆಯುವುದಕ್ಕೆ ಹತ್ತು ವರ್ಷದವರೆಗೂ ಕಠಿಣ ಸಜೆ ವಿಧಿಸುತ್ತದೆ.

ಅಳಿಯಂದಿರ ವಿಷಯಕ್ಕೆ ಬರುತ್ತೇನೆ. ಅವರು ಹಸಿರು ಕಾರ್ಡು ಹೊಂದಿ, ಪೌರತ್ವಕ್ಕೆ ಅರ್ಜಿ ಹಾಕಿದ್ದರು. ಪೌರತ್ವ ಕೊಡುವುದು ಕೇಂದ್ರ. ಅಲ್ಲಿ ನಡೆಯುವುದು ಕೇಂದ್ರದ ಕಾನೂನು. ಅದೇ 2019ರ ಏಪ್ರಿಲಿನಲ್ಲಿ ವಲಸೆ ಇಲಾಖೆ ಹೊರಡಿಸಿದ್ದ ಸೂಚನೆಯಂತೆ, ರಾಜ್ಯ ಅನುಮತಿಸಿದ ಗಾಂಜಾ ವ್ಯವಹಾರವೂ ಅರ್ಜಿದಾರನ ಸನ್ನಡತೆಗೆ ಕುಂದಾಗಬಹುದಿತ್ತು. ಸಂದರ್ಶನದಲ್ಲಿ ಪ್ರಮಾಣ ಮಾಡಿ ಉತ್ತರಿಸಬೇಕು. ನೀರು ಹಾಕಿದೆನೆಂದರೆ ಒಂದು ಕಷ್ಟ, ಇಲ್ಲವೆಂದರೆ ಸುಳ್ಳಿನ ಕಷ್ಟ. ಅಲ್ಲಿ ನೆಲೆಸಿರುವ ನಮ್ಮ ಕನ್ನಡಿಗರಲ್ಲಿ ಎಷ್ಟೋ ಮಂದಿ ಇದೇ ಸ್ಥಿತಿಯಲ್ಲಿರುವವರು. ಅಂಗಡಿಯ ಫಲಕ ನೋಡಿ ಸಕ್ರಮವೆಂದು ತಿಳಿಯುವ ಎಳೆಯರಿಗೆ ಇದನ್ನು ಯಾರೂ ಹೇಳಿರುವುದಿಲ್ಲ.

ಮರುದಿನ ಅಳಿಯಂದಿರು ಆಕೆಯ ಮನೆಗೆ ಹೋಗಿ ಕಾರಣವನ್ನು ಬಿಡಿಸಿ ಹೇಳಿದರು. ಆಕೆ ಒಂದು ಗಳಿಗೆ ಸುಮ್ಮನಿದ್ದು, ತಾವು ಕೇಳಿದುದೇ ತಪ್ಪಾಯಿತೆಂದು ಕ್ಷಮೆ ಬೇಡಿದರಂತೆ. ಗಿಡಗಳಿಗೆ ಎದುರುಮನೆಯ ತರುಣ ನೀರು ಹಾಕಿದನು; ಅವನು ಆ ನೆಲದಲ್ಲಿಯೇ ಹುಟ್ಟಿದವನು. ಟೊಮ್ಯಾಟೊ ಮಡಿಗಳಿಗೆ ವಾರವಿಡೀ ನೀರು ಹಾಕಿದವನು ನಾನು.