ಮಹಿಷಾಸುರ ಬರುವಾಗ ಎಬ್ಬಿಸಿ

ಧಾರಾವಾಹಿಯನ್ನು ಮೊದಲ ಸಂಚಿಕೆಯಿಂದಲೇ ನೋಡಬೇಕೋ, ಸಿಕ್ಕಿದಲ್ಲಿಂದ ಶುರು ಮಾಡಬಹುದೋ? ಮೂಡುಬಿದಿರೆಯಲ್ಲಿ ನನ್ನ ಕಾಲೇಜಿನ ಮಕ್ಕಳು ಇದನ್ನು ಆಗಾಗ ಕೇಳುತ್ತಾರೆ. ವರ್ಷಗಟ್ಟಲೆ ನಡೆದ ಕಥೆಯೆಲ್ಲ ಈಗ ಮೊಬೈಲಿನೊಳಗೆ ಒಟ್ಟಿಗೇ ಸಿಗುತ್ತದೆ, ಎಲ್ಲಿ ಬೇಕಾದರೂ ಒತ್ತಬಹುದು. ಆದರೆ ನಮ್ಮ ಸೀಮೆಗೆ ಈ ಪ್ರಶ್ನೆ ಹೊಸತಲ್ಲ. ಟಿವಿ ಬರುವ ಎಷ್ಟೋ ಮೊದಲೇ ಇಲ್ಲಿನ ಜನ ಎರಡೂ ಥರ ಕಥೆ ನೋಡಿದವರು, ಕೇಳಿದವರು.

ಬಂಟ್ವಾಳದ ಕಡೆ ಕೊಯ್ಲು ಮುಗಿದ ಗದ್ದೆಯಲ್ಲಿ ಕಟೀಲು ಯಕ್ಷಗಾನ ಮೇಳದ 'ದೇವಿ ಮಹಾತ್ಮೆ' ಬಯಲಾಟ ಎಂದರೆ ಹಿಂದೆ ರಾತ್ರಿಯಿಡೀ ನಡೆಯುತ್ತಿತ್ತು. ಮಧು-ಕೈಟಭರು, ಮಹಿಷಾಸುರ, ಚಂಡ-ಮುಂಡರು, ರಕ್ತಬೀಜ, ಕೊನೆಗೆ ಶುಂಭ-ನಿಶುಂಭರು. ರಂಗಸ್ಥಳದಲ್ಲಿ ಈ ಕ್ರಮ ತಪ್ಪುವುದಿಲ್ಲ. ನೋಡುವವರು ಮಾತ್ರ ಕ್ರಮಕ್ಕೆ ಕಟ್ಟುಬಿದ್ದವರಲ್ಲ. "ಮಹಿಷಾಸುರ ಬರುವಾಗ ಎಬ್ಬಿಸಿ" ಎಂದು ಮಕ್ಕಳು ಚಾಪೆಯ ಮೇಲೆ ಮಲಗಿಬಿಡುತ್ತಿದ್ದರು. ಮಹಿಷಾಸುರ ಬರುವುದು ವೇಷ ಕಟ್ಟುವ ಚೌಕಿಯ ಕಡೆಯಿಂದಲ್ಲ, ಜನರ ಹಿಂದಿನಿಂದ. ಎರಡೂ ಕೈಯಲ್ಲಿ ದೊಂದಿ, ತಲೆಯ ಮೇಲೆ ಕೋಡು. ರಾಳ ಎರಚಿದಾಗ ಬೆಂಕಿ ಭಗ್ಗನೆ ಮೇಲೇಳುತ್ತದೆ. ನಿದ್ದೆಗಣ್ಣಿನ ಮಗು ಅಮ್ಮನ ಸೆರಗು ಹಿಡಿದು ನಡುಗುತ್ತದೆ. ಹಿಂದಿನ ಎರಡು ಗಂಟೆಯ ಕಥೆ ತಪ್ಪಿತೆಂದು ಯಾರೂ ಕೊರಗಿದ್ದಿಲ್ಲ. ಕಥೆ ಅಜ್ಜಿಯ ಬಾಯಿಂದ ಮೊದಲೇ ಕಿವಿಗೆ ಬಿದ್ದಿರುತ್ತಿತ್ತು.

1987ರ ಜನವರಿಯಲ್ಲಿ ರಮಾನಂದ ಸಾಗರರ 'ರಾಮಾಯಣ' ದೂರದರ್ಶನದಲ್ಲಿ ಶುರುವಾದಾಗ ಹಿಂದಿ ಬಾರದ ನಮ್ಮ ಹಳ್ಳಿಗಳೂ ಅದನ್ನು ಆರಾಮವಾಗಿ ನೋಡಿದ್ದು ಇದೇ ಬಲದಿಂದ. 1988ರ ಅಕ್ಟೋಬರ್ 2ರಂದು ಬಿ.ಆರ್. ಚೋಪ್ರಾ ಅವರ 'ಮಹಾಭಾರತ' ಬಂತು, 94 ಸಂಚಿಕೆ. ನಡುವೆ ಒಂದು ಭಾನುವಾರ ಕರೆಂಟ್ ಹೋದರೂ ದ್ರೌಪದಿಯ ಕಥೆ ಯಾರಿಗೂ ಕಡಿದುಹೋಗಲಿಲ್ಲ. 2020ರ ಲಾಕ್‌ಡೌನಿನಲ್ಲಿ ಮರುಪ್ರಸಾರವಾದಾಗ ಕುರುಕ್ಷೇತ್ರದ ಹೊತ್ತಿಗೆ ಬಂದು ಕೂತವರೂ ಹಾಗೆಯೇ ಸೇರಿಕೊಂಡರು.

ಕ್ರಮ ಬೇಡವೇ ಬೇಡ ಎಂದು ಇದರ ಅರ್ಥವಲ್ಲ. ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳದಲ್ಲಿ ಮಳೆಗಾಲದ ಪುರಾಣ ವಾಚನ-ಪ್ರವಚನಕ್ಕೆ ಕೂತು ನೋಡಿ. ಒಬ್ಬರು ರಾಗವಾಗಿ ಕಾವ್ಯ ಓದುತ್ತಾರೆ, ಇನ್ನೊಬ್ಬರು ಅರ್ಥ ಬಿಡಿಸುತ್ತಾರೆ. ನಿನ್ನೆ ನಿಂತ ಪದ್ಯದಿಂದ ಇಂದು ಮುಂದಕ್ಕೆ. ಅಲ್ಲಿ ಮನಸ್ಸು ದಿನದಿನಕ್ಕೆ ಹದವಾಗುತ್ತದೆ, ನಡುವೆ ಹೋದವನಿಗೆ ಆ ಹದ ಸಿಗದು.

ಶಂಕರ್ ನಾಗ್ ಅವರ 'ಮಾಲ್ಗುಡಿ ಡೇಸ್' ಈ ಎರಡನ್ನೂ ಒಂದೇ ಚೀಲದಲ್ಲಿ ಇಟ್ಟುಕೊಂಡಿದೆ. ನಮ್ಮ ಘಟ್ಟದ ಮೇಲಿನ ಆಗುಂಬೆಯೇ ಅಲ್ಲಿ ಮಾಲ್ಗುಡಿಯಾಯಿತು. ಹೆಚ್ಚಿನವು ಬಿಡಿಬಿಡಿ ಕಥೆಗಳು. ಯಾವುದನ್ನು ಮೊದಲು ನೋಡಿದರೂ ನಷ್ಟವಿಲ್ಲ. ಅನಂತ್ ನಾಗ್ ಜಗನ್ ಆಗಿರುವ 'ಮಿಠಾಯಿವಾಲಾ' ಮತ್ತು ಮಾಸ್ಟರ್ ಮಂಜುನಾಥ್ ಅಭಿನಯದ ಸ್ವಾಮಿಯ ಕಥೆ ಮಾತ್ರ ಹಲವು ಸಂಚಿಕೆಗಳಲ್ಲಿ ಹರಿಯುತ್ತವೆ. ಆರ್.ಕೆ. ನಾರಾಯಣ್ ಬರೆದ ಸ್ವಾಮಿ ಕೊನೆಗೆ ರಾಜಂನನ್ನು ಬೀಳ್ಕೊಡಲು ರೈಲ್ವೆ ಸ್ಟೇಶನ್ನಿಗೆ ಓಡುತ್ತಾನೆ, ಕೈಯಲ್ಲಿ ಒಂದು ಪುಸ್ತಕ. ಅದೊಂದನ್ನೇ ನೋಡಿದರೆ ಇಬ್ಬರು ಹುಡುಗರು, ಒಂದು ರೈಲು, ಅಷ್ಟೇ. ಸ್ವಾಮಿ ಊರು ಬಿಟ್ಟು ಓಡಿ ದಾರಿ ತಪ್ಪಿದ್ದು, ಕ್ರಿಕೆಟ್ ಮ್ಯಾಚಿಗೆ ಬರದೇ ಹೋಗಿದ್ದು, ರಾಜಂ ಮಾತು ಬಿಟ್ಟಿದ್ದು ತಿಳಿದಿದ್ದರೆ ಆ ಪುಸ್ತಕದ ಭಾರ ಗೊತ್ತಾಗುತ್ತದೆ.

ಟಿ.ಎನ್. ಸೀತಾರಾಮ್ ಅವರ ಧಾರಾವಾಹಿಗಳೂ ಸ್ವಾಮಿಯ ಕಥೆಯಂಥವೇ. 1998ರಲ್ಲಿ ಪಿ. ಶೇಷಾದ್ರಿ, ನಾಗೇಂದ್ರ ಶಾ ಜೊತೆ ಸೇರಿ ಅವರು ಮಾಡಿದ 'ಮಾಯಾಮೃಗ' ಮಧ್ಯಮ ವರ್ಗದ ಮನೆಗಳಿಗೆ ಅಂಟಿಕೊಂಡಿತು. 'ಮುಕ್ತ ಮುಕ್ತ'ದಲ್ಲಿ ಅವರೇ ವಕೀಲ ಸಿ.ಎಸ್.ಪಿ. ಆಗಿ ಕೋರ್ಟಿನಲ್ಲಿ ನಿಲ್ಲುತ್ತಾರೆ. ಸಾಕ್ಷಿ ಎಲ್ಲಿ ಸುಳ್ಳು ಹೇಳಿದ್ದಾನೆಂದು ಮೊದಲೇ ನೋಡಿದವರಿಗಷ್ಟೇ ಪಾಟಿ ಸವಾಲಿನ ಕಾವು ತಾಗುವುದು. ಇಂಥದ್ದನ್ನು ಮೊದಲಿನಿಂದಲೇ ನೋಡಿ ಎನ್ನುತ್ತೇನೆ, ಹಠ ಹಿಡಿದೇ ಹೇಳುತ್ತೇನೆ.

ಇನ್ನು ಸೋಮವಾರದಿಂದ ಶುಕ್ರವಾರದವರೆಗೆ ವರ್ಷಗಟ್ಟಲೆ ನಡೆಯುವವು. ಅವನ್ನು ನೋಡುವ ಬಗೆಯನ್ನು ನಾನು ಕಲಿತದ್ದು ಅಮ್ಮನಿಂದ. ನಮ್ಮ ಸೀಮೆಯ ಸಾವಿರಾರು ಹೆಂಗಸರಂತೆ ಅವರೂ ಬೀಡಿ ಕಟ್ಟುತ್ತಿದ್ದರು. ಮಡಿಲಲ್ಲಿ ಗೆರಸೆ, ಅದರಲ್ಲಿ ಒದ್ದೆ ಮಾಡಿ ಕತ್ತರಿಸಿದ ಎಲೆ, ಹೊಗೆಸೊಪ್ಪಿನ ಪುಡಿ, ನೂಲಿನ ಉಂಡೆ. ಎಲೆಗೆ ಪುಡಿ ತುಂಬಿ, ಸುರುಳಿ ಸುತ್ತಿ, ನೂಲು ಬಿಗಿದು, ತುದಿ ಮಡಚುವವರೆಗೆ ಕಣ್ಣು ಮೇಲೇಳದು. ಟಿವಿ ಅವರಿಗೆ ಕಿವಿಯಲ್ಲಿ ಓಡುತ್ತಿತ್ತು. ಹಿನ್ನೆಲೆ ಸಂಗೀತ ಬದಲಾದರೆ ಸಾಕು, "ಬಂದಳು ಅತ್ತೆ" ಎನ್ನುತ್ತಿದ್ದರು. ಒಂದೇ ಸುದ್ದಿಯನ್ನು ಮೂರು ಪಾತ್ರಗಳು ಮೂರು ಸಲ ಹೇಳುವುದನ್ನು ವಿಮರ್ಶಕರು ಬೈಯುತ್ತಾರೆ. ಕೆಲಸದ ಕೈಗಳ ನಡುವೆ ಕೂತು ಕೇಳಿದವರಿಗೆ ಅದು ಯಾಕೆಂದು ತಿಳಿಯುತ್ತದೆ: ಒಂದು ಸಲ ತಪ್ಪಿಸಿಕೊಂಡವರಿಗೆ ಇನ್ನೊಂದು ಸಲ ಸಿಗಲಿ ಎಂದು. ಮರುಪ್ರಸಾರ, ಮಹಾಸಂಚಿಕೆ ಇರುವುದೂ ಅದಕ್ಕೇ.

ಅದೂ ತಪ್ಪಿದರೆ ಕಟ್ಟಿದ ಬೀಡಿ ಒಪ್ಪಿಸುವ ಬ್ರಾಂಚ್ ಇತ್ತು. ಬೀಡಿ ಕೊಡಲು ಸಾಲು ನಿಂತಾಗ, "ನಿನ್ನೆ ಕರೆಂಟ್ ಇರ್ಲಿಲ್ಲ ಮಾರಾಯ್ತಿ, ಎಂತಾಯ್ತು?" ಎಂದು ಒಬ್ಬರು ಕೇಳಿದರೆ ನಾಲ್ಕು ಬಾಯಿಗಳು ಒಟ್ಟಿಗೆ ತೆರೆಯುತ್ತಿದ್ದವು. ಒಬ್ಬಾಕೆ ಸೊಸೆಯ ಪರ, ಇನ್ನೊಬ್ಬಾಕೆ ಅತ್ತೆಯ ಪರ. ಸಂಚಿಕೆಗಿಂತ ಆ ಮಾತೇ ಚಂದ ಇರುತ್ತಿತ್ತು. ಇಂಥ ಧಾರಾವಾಹಿಗೆ ಎಲ್ಲಿಂದ ಸೇರಿದರೂ ಸರಿ, ಹೇಳುವವರೊಬ್ಬರು ಪಕ್ಕದಲ್ಲಿದ್ದರಾಯಿತು. ಮೊಬೈಲಿನಲ್ಲಿ ಒಬ್ಬಳೇ ನೋಡುವ ಹುಡುಗಿಗೆ ಆ ಸಾಲು ಇಲ್ಲವಲ್ಲ ಎಂದು ನನಗೆ ನಿಜಕ್ಕೂ ಬೇಸರವಿದೆ.

ಕ್ರಮವನ್ನೇ ಕಲಸಿ ನೋಡಿದವರೂ ಇದ್ದಾರೆ. 2023ರ ಜನವರಿ 1ರಂದು ನೆಟ್‌ಫ್ಲಿಕ್ಸ್ 'ಕೆಲೈಡೊಸ್ಕೋಪ್' ಎಂಬ ದರೋಡೆಯ ಕಥೆ ಬಿಟ್ಟಿತು. ಸಂಚಿಕೆಗಳಿಗೆ ಬಣ್ಣಗಳ ಹೆಸರು, ಒಬ್ಬೊಬ್ಬರಿಗೆ ಒಂದೊಂದು ಕ್ರಮ. ದರೋಡೆ ನಡೆಯುವ ಬಿಳಿ ಮಾತ್ರ ಕೊನೆಗೆ. ಎಷ್ಟೇ ಕಲಸಿದರೂ ಒಂದನ್ನು ಕೊನೆಗೆ ಇಡಲೇಬೇಕಾಯಿತು.

ಮಕ್ಕಳ ಇನ್ನೊಂದು ಪ್ರಶ್ನೆ: 'ಬ್ರೇಕಿಂಗ್ ಬ್ಯಾಡ್' 2008ರದ್ದು, ಅದಕ್ಕೂ ಹಿಂದಿನ ಕಥೆ ಹೇಳುವ 'ಬೆಟರ್ ಕಾಲ್ ಸಾಲ್' ಬಂದದ್ದು 2015ರಲ್ಲಿ, ಯಾವುದು ಮೊದಲು? ತೆರೆಗೆ ಮೊದಲು ಬಂದದ್ದೇ ಮೊದಲು. ಎರಡರಲ್ಲೂ ಬರುವ ವಕೀಲ ಸಾಲ್ ಮುಂದೆ ಏನಾಗುತ್ತಾನೆಂದು ನೋಡುಗನಿಗೆ ಗೊತ್ತಿದೆ ಎಂದುಕೊಂಡೇ ಎರಡನೆಯದನ್ನು ಕಟ್ಟಿದ್ದಾರೆ. ವೇಷವಿಲ್ಲದೆ ಕೂತು ಮಾತಿನಲ್ಲೇ ಕಥೆ ನಡೆಸುವ ತಾಳಮದ್ದಳೆಯ 'ಕರ್ಣಭೇದನ' ಕೇಳಿದ ಮಕ್ಕಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಕೃಷ್ಣ ಜನ್ಮರಹಸ್ಯ ಹೇಳುವಾಗ ಕರ್ಣನ ಸಾವು ಸಭೆಗೆಲ್ಲ ಗೊತ್ತಿದೆ. ಗೊತ್ತಿರುವುದರಿಂದಲೇ ಪಾತ್ರದ ಮಾತಾಡುವ ಅರ್ಥಧಾರಿ ಮಾತು ನಿಲ್ಲಿಸಿದಲ್ಲಿ ಮುದುಕರು ಕಣ್ಣೊರೆಸಿಕೊಳ್ಳುತ್ತಾರೆ.